ಸಂಜೆ ಆರಕ್ಕೆ ಕರಗುವ ಮುಖ

ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಹಲಗೆಯ ಮೇಲಿದ್ದ ಮಣ್ಣಿಗೆ, ಕಣ್ಣು ಕಿಟಕಿಯ ಕಡೆಗಿಟ್ಟೇ, ಎಳೆಗೂಸಿಗೆ ಹೊದಿಸುವ ಹಾಗೆ ಹೊದಿಸುತ್ತಿದ್ದಾಗ ನಾದಿನಿ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಇಲ್ಲಿದ್ದೀರಾ ಅತ್ತಿಗೆ? ಅಣ್ಣನಿಗೆ ಯಾವ ಅಂಗಿ ಹಾಕೋದು ಅಂತ ಎಲ್ಲರೂ ನಿಮ್ಮ ದಾರಿ ನೋಡ್ತಿದ್ದಾರೆ. ನೀವು ನೋಡಿದ್ರೆ ಮಣ್ಣಿನ ಉಪಚಾರ ಮಾಡ್ತಾ ಕೂತಿದ್ದೀರಿ!"

"ಒಣಗಿದ್ರೆ ಬಿರುಕು ಬಿಡುತ್ತೆ."

"ಬಿಟ್ರೆ ಬಿಡ್ಲಿ. ಇನ್ಯಾರು ಮುಟ್ತಾರೆ ಅದನ್ನ?"

ಅವಳು ಬಟ್ಟೆಯ ಅಂಚನ್ನು ಒಳಗೆ ಸೇರಿಸಿದಳು. "ಬೀರುವಿನಲ್ಲಿ ನೀಲಿ ಅಂಗಿ ಇದೆ, ಇಸ್ತ್ರಿ ಮಾಡಿಟ್ಟಿದ್ದೀನಿ. ಕತ್ತಿನ ಗುಂಡಿ ಮಾತ್ರ ಹಾಕ್ಬೇಡಿ. ಅವರಿಗೆ ಉಸಿರು ಕಟ್ಟಿದ ಹಾಗಾಗುತ್ತೆ."

ನಾದಿನಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ನಿನ್ನೆ ನಾಲ್ಕು ಗಂಟೆಗೆ ಅವಳು ಚಹಾ ತಂದಾಗ ಗಂಡ ಇದೇ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಲಗೈಯ ಹೆಬ್ಬೆರಳು ಇನ್ನೂ ಒದ್ದೆಯಾಗಿತ್ತು. ನಿದ್ದೆ ಹತ್ತಿರಬೇಕು ಎಂದುಕೊಂಡು ಲೋಟವನ್ನು ಕಿಟಕಿಯಲ್ಲಿಟ್ಟು ಹೆಗಲು ಮುಟ್ಟಿದಾಗಲೇ ಅವಳಿಗೆ ಗೊತ್ತಾದದ್ದು. ಪ್ರತಿದಿನ ಸಂಜೆ ಆರಕ್ಕೆ ಅವನು ಬೋಗುಣಿಯ ನೀರಿನಲ್ಲಿ ಕೈ ಅದ್ದಿ, ಅಂದು ಮಾಡಿದ್ದನ್ನೆಲ್ಲ ಸವರಿ ಸವರಿ ಅಳಿಸಿ ಮತ್ತೆ ಮುದ್ದೆ ಕಟ್ಟಿಡುತ್ತಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಅವನ ಕೈಯಿಂದ ಬಂದ ಒಂದೇ ಒಂದು ಮುಖವೂ ಮಾರನೆಯ ಬೆಳಗನ್ನು ಕಂಡಿರಲಿಲ್ಲ. ಇದು ಕಂಡಿತ್ತು. ಆರು ಗಂಟೆಗೆ ಎರಡು ಗಂಟೆ ಮೊದಲೇ ಅವನು ಹೋಗಿಬಿಟ್ಟಿದ್ದ.

ಹಜಾರದಲ್ಲಿ ಕುರ್ಚಿಗಳು ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಹೆಚ್ಚಿನವರು ಬಸ್ ಡಿಪೋದವರು. ನಡುವೆ ಮುದುಕ ಕಂಡಕ್ಟರ್, ಬರಿಗೈಯಲ್ಲಿ ಕೂತು ಅಭ್ಯಾಸವಿಲ್ಲದವನ ಹಾಗೆ, ಮಡಿಸಿದ ಕರವಸ್ತ್ರವನ್ನು ಟಿಕೆಟಿನಂತೆ ಬೆರಳಲ್ಲಿ ತಿರುವುತ್ತಿದ್ದ.

"ಹನ್ನೊಂದು ವರ್ಷ ಒಂದೇ ಬಸ್ಸು, ಅವನು ಡ್ರೈವರು, ನಾನು ಕಂಡಕ್ಟರು," ಎಂದ ಪಕ್ಕದವನಿಗೆ. "ನಾನು ರೈಟ್ ಅಂದ್ರೂ ಹೊರಡ್ತಿರ್ಲಿಲ್ಲ, ಪುಣ್ಯಾತ್ಮ. ಕನ್ನಡಿಯಲ್ಲಿ ನೋಡ್ಕೊಂಡು, ಎಲ್ಲೋ ದೂರದಲ್ಲಿ ಏದುಸಿರು ಬಿಟ್ಕೊಂಡು ಬರೋ ಅಜ್ಜಿ ಹತ್ತೋವರೆಗೂ ಕಾಯ್ತಿದ್ದ. ನಮ್ಮ ಬಸ್ಸಿಗೆ ಜನ ಬಸುರಿ ಬಸ್ಸು ಅಂತಿದ್ರು, ಅಷ್ಟು ನಾಜೂಕು."

ಒಂದಿಬ್ಬರು ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂದು ಮಲಗಿದವನ ಕಡೆ ನೋಡಿದರು.

"ನಗ್ರಪ್ಪ, ಪರವಾಗಿಲ್ಲ," ಎಂದ ಕಂಡಕ್ಟರ್. "ಮಣ್ಣಪ್ಪ ಅಂತ ಹೆಸರಿಟ್ಟವನೇ ನಾನು. ಒಂದಿನಾನೂ ಮುಖ ಗಂಟಿಕ್ಕಲಿಲ್ಲ. 'ಕೊನೆಗೆ ಎಲ್ಲರ ಹೆಸರೂ ಅದೇ ಕಣಯ್ಯ, ನಂಗೆ ಸ್ವಲ್ಪ ಮುಂಚೆ ಇಟ್ಟೆ' ಅಂದ."

ಬಾಗಿಲ ಹತ್ತಿರ ನಿಂತಿದ್ದ ಅವಳಿಗೂ ನಗು ಬಂತು. ಅಳುವೂ ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ.

*

ಅವನ ಬಸ್ಸಿನ ಅಪಘಾತ ನಡೆದದ್ದು ಇಪ್ಪತ್ತು ವರ್ಷದ ಹಿಂದೆ, ಬೆಳಗ್ಗೆ ಎಂಟೂವರೆಗೆ, ಸ್ವಚ್ಛ ಬಿಸಿಲಿನಲ್ಲಿ. ನಿಂತಿದ್ದ ಲಾರಿಯ ಹಿಂದಿನಿಂದ ಕೈಚೀಲ ಹಿಡಿದ ಯುವತಿಯೊಬ್ಬಳು ಸರಕ್ಕನೆ ರಸ್ತೆಗೆ ಬಂದಳು. ಅವನು ಬ್ರೇಕು ತುಳಿದ. ಬ್ರೇಕು ಹಿಡಿಯಿತು, ಬಸ್ಸೂ ನಿಂತಿತು. ಆದರೆ ಒಂದು ಮಾರು ಆಚೆ ನಿಂತಿತು. ಆಕೆಯನ್ನು ಯಾರದೋ ಕಾರಿನಲ್ಲಿ, ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವನು ಕಂಡಕ್ಟರ್. ದಾರಿಯಲ್ಲೇ ಎಲ್ಲ ಮುಗಿಯಿತು.

ಚಾಲಕನ ತಪ್ಪಿಲ್ಲ ಎಂದು ಪೊಲೀಸರು ಬರೆದರು. ಡಿಪೋದವರು ಬರೆದರು. ಮನಸ್ಸು ತಡೆಯದೆ ಅವನು ಆಕೆಯ ಮನೆ ಹುಡುಕಿಕೊಂಡು ಹೋದಾಗ, ಆಕೆಯ ತಾಯಿ ಗೋಡೆಯ ಮೇಲಿನ ಮಗಳ ಚಿತ್ರದ ಕೆಳಗೆ ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, "ನಿಂದೇನೂ ತಪ್ಪಿಲ್ಲಪ್ಪ" ಎಂದಳು.

"ಎಲ್ಲರೂ ತಪ್ಪಿಲ್ಲ ಅಂದ್ಬಿಟ್ರು ಕಣೇ," ಎಂದ ಅವನು ಮನೆಗೆ ಬಂದು. "ತಪ್ಪು ಅಂದಿದ್ರೆ ಶಿಕ್ಷೆ ಅನುಭವಿಸಿ ಮುಗಿಸ್ಬಹುದಿತ್ತು. ಇದನ್ನ ನಾನು ಎಲ್ಲಿ ಇಳಿಸ್ಲಿ?"

ಮತ್ತೆ ಬಸ್ಸು ಹತ್ತಿದ ದಿನ ಕೀಲಿ ತೂತಿಗೆ ಹೋಗಲಿಲ್ಲ. ಎರಡೂ ಕೈ ಗಡಗಡ ನಡುಗುತ್ತಿದ್ದವು. ಅವನನ್ನು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಮಾತ್ರೆ ನುಂಗಿದ, ಮಲಗಿದ, ಎದ್ದ. ಲೋಟ ಹಿಡಿದರೆ ಚಹಾ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಎಂಟು ತಿಂಗಳು ಅವಳೇ ಗುಂಡಿ ಹಾಕಿದಳು, ಅವಳೇ ಗಡ್ಡ ಕೆರೆದಳು.

ಆಮೇಲೊಂದು ದಿನ ಮನೆಯ ಮುಂದೆ ನೀರಿನ ಕೊಳವೆಗೆ ಗುಂಡಿ ತೋಡಿ, ಗೇಟಿಗೆ ಅಡ್ಡ ಜೇಡಿಮಣ್ಣಿನ ರಾಶಿ ಹಾಕಿ ಹೋದರು. ದಾರಿ ಬಿಡಿಸುತ್ತೇನೆಂದು ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲ. ಅವಳು ಹೊರಗೆ ಬಂದು ನೋಡಿದರೆ, ಮೆಟ್ಟಿಲ ಮೇಲೆ ಕೂತು ಒಂದು ಮುದ್ದೆಯನ್ನು ನಾದುತ್ತಿದ್ದ. ಅವಳ ಕಣ್ಣು ಹೋದದ್ದು ಮಣ್ಣಿನ ಕಡೆಗಲ್ಲ, ಕೈಗಳ ಕಡೆಗೆ. ಅವು ನಡುಗುತ್ತಿರಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಅವಳು ಬಂದ ಹೆಜ್ಜೆಯಲ್ಲೇ ಹಿಂದೆ ಸರಿದಳು.

ಅಂದಿನಿಂದ ಅದೇ ನಿಯಮ. ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಹಿಂದಿನ ಕೋಣೆಯ ಮಣೆಯ ಮೇಲೆ ಕೂರುವುದು. ಕೆಲಸವಿದ್ದ ದಿನ ಬಂದ ಮೇಲೆ, ರಜೆಯಿದ್ದರೆ ಬೆಳಗಿನಿಂದಲೇ. ಕೂತಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಮೊದಮೊದಲು ಉಂಡೆ, ಬಟ್ಟಲು. ಒಂದು ತಿಂಗಳ ನಂತರ ಬಾಗಿಲ ಸಂದಿಯಿಂದ ಅವಳು ಕಂಡದ್ದು ಒಂದು ಹೆಣ್ಣಿನ ಮುಖದ ಅಂಚು. ಯಾರದು ಎಂದು ಕೇಳಬೇಕಾಗಿರಲಿಲ್ಲ. ಅವತ್ತಿನಿಂದ ಅವಳು ಆ ಹಲಗೆಯ ಕಡೆ ನೇರವಾಗಿ ನೋಡುವುದನ್ನೇ ಬಿಟ್ಟಳು. ಚಹಾ ಇಡುವಾಗಲೂ ಕಣ್ಣು ಕಿಟಕಿಯ ಮೇಲೆ. ಸತ್ತವಳೊಬ್ಬಳು ದಿನಾ ತನ್ನ ಮನೆಗೆ ಬಂದು ಹೋಗುತ್ತಾಳೆ ಎನ್ನಿಸುತ್ತಿತ್ತು. ಆದರೆ ಗಂಡ ತನ್ನ ಗುಂಡಿ ತಾನೇ ಹಾಕಿಕೊಳ್ಳತೊಡಗಿದ್ದ, ಲೋಟ ಅಲುಗುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

ಒಮ್ಮೆ ಮಾತ್ರ ಕೇಳಿದಳು. "ಅಷ್ಟು ಕಷ್ಟಪಟ್ಟು ಮಾಡ್ತೀರಿ. ಸಂಜೆ ಯಾಕೆ ಅಳಿಸಿಬಿಡ್ತೀರಿ?"

ಅವನು ಕೈ ಒರೆಸಿಕೊಳ್ಳುತ್ತ ಯೋಚಿಸಿದ. "ನೀನು ದೇವರ ಮುಂದೆ ಕಣ್ಣು ಮುಚ್ಚಿ ಕೂತು ಏನೋ ಬೇಡ್ಕೋತೀಯಲ್ಲ. ನಿನ್ನೆ ಬೇಡಿದ್ದನ್ನ ಇವತ್ತು ತೋರ್ಸು ಅಂದ್ರೆ ಎಲ್ಲಿಂದ ತರ್ತೀಯ? ಇದೂ ಹಾಗೇ. ಇವತ್ತಿಂದು ಇವತ್ತಿಗೆ."

*

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ವ್ಯಾಯಾಮದ ಡಾಕ್ಟರಮ್ಮ ಬಂದಳು, ಹಿಂದೆ ಏಳೆಂಟು ಜನ. ಒಬ್ಬರ ಕಾಲು ಎಳೆಯುತ್ತಿತ್ತು, ಒಬ್ಬಾಕೆಯ ಮಾತು ತೊದಲುತ್ತಿತ್ತು. ಲಕ್ವ ಹೊಡೆದು ಕೈಕಾಲು ಬಿದ್ದವರಿಗೆ ಹತ್ತು ವರ್ಷದಿಂದ ಪ್ರತಿ ಮಂಗಳವಾರ ಮಣ್ಣಪ್ಪ ಮಣ್ಣಿನ ಕೆಲಸ ಹೇಳಿಕೊಡುತ್ತಿದ್ದ. ಅವರಲ್ಲೊಬ್ಬ ದರ್ಜಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮಲಗಿದವನ ಪಾದದ ಮೇಲಿಟ್ಟ.

"ನನ್ನ ಕೈ ಸತ್ತೇಹೋಯ್ತು ಅಂತ ಅಳ್ತಿದ್ದೆ ಅಮ್ಮಾ," ಎಂದ ಅವಳ ಕಡೆ ತಿರುಗಿ. "'ಸತ್ತಿಲ್ಲ ಕಣಯ್ಯ, ಮುನಿಸ್ಕೊಂಡಿದೆ. ಮೆತ್ತಗಿರೋದೇನಾದ್ರೂ ಕೊಟ್ಟು ಸಮಾಧಾನ ಮಾಡು' ಅಂದ್ರು. ಈಗ ನೋಡಿ." ಎರಡು ಬೆರಳು ಮೆಲ್ಲಗೆ ಮಡಚಿ, ಬಿಚ್ಚಿದವು.

ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಕೇಳಿದಳು. "ನಿನ್ನೆ ಮಾಡಿದ್ದು ಹಾಗೇ ಉಳಿದಿದೆಯಂತೆ. ಒಂದ್ಸಲ ನೋಡ್ಬಹುದಾ? ಒಂದನ್ನೂ ಇಟ್ಕೊಳ್ಳೋಕೆ ಅವರು ಬಿಟ್ಟವರಲ್ಲ."

ಅವಳು ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಕಂಡಕ್ಟರೂ ನಾದಿನಿಯೂ ಜೊತೆಗೆ ಬಂದರು. ಬಟ್ಟೆಯ ಅಂಚು ಹಿಡಿದಾಗ ಹತ್ತೊಂಬತ್ತು ವರ್ಷದ ಅಂಜಿಕೆ ಬೆರಳಿಗೆ ಇಳಿಯಿತು. ಕಣ್ಣು ಮುಚ್ಚಿಯೇ ಎಳೆದಳು.

ತೆರೆದಾಗ ಎದುರಿಗಿದ್ದದ್ದು ಐವತ್ತರ ಹತ್ತಿರದ ಹೆಂಗಸು. ತುಸು ಇಳಿಬಿದ್ದ ಕೆನ್ನೆ, ಬಾಯಿಯ ಎರಡೂ ಬದಿಗೆ ಗೆರೆ, ಮೂಗಿನ ಮೇಲೆ ಕನ್ನಡಕ ಕೂತು ಕೂತು ಬಿದ್ದ ಎರಡು ಸಣ್ಣ ಗುಳಿ. ಯಾರೋ ಹೇಳಿದ ಮಾತಿಗೆ ಇನ್ನೇನು ನಗಬೇಕು, ತಡೆದುಕೊಂಡಿದ್ದಾಳೆ.

"ಇದ್ಯಾರು?" ಎಂದಳು ಅವಳು, ತಬ್ಬಿಬ್ಬಾಗಿ. "ನಾನು ಆಕೆ ಅಂದ್ಕೊಂಡಿದ್ದೆ."

ಕಂಡಕ್ಟರ್ ಕನ್ನಡಕ ಹಾಕಿಕೊಂಡು ನೆಲಕ್ಕೆ ಮಂಡಿಯೂರಿದ. ಹುಬ್ಬಿನಿಂದ ಗಲ್ಲದವರೆಗೆ ಕಣ್ಣಾಡಿಸಿದ.

"ಆಕೆನೇ ಅತ್ತಿಗೆ."

"ಆಕೆಗೆ ಇಪ್ಪತ್ತೆಂಟಲ್ವಾ?"

"ಆಗ ಇಪ್ಪತ್ತೆಂಟು. ನನ್ನ ತೊಡೆ ಮೇಲಿದ್ದ ಮುಖ ಇದು, ಈ ಹುಬ್ಬು, ಈ ಗಲ್ಲ ಮರೀತೀನಾ? ಇಪ್ಪತ್ತು ವರ್ಷ ಕೂಡಿಸಿ ನೋಡಿ." ಅವನು ಕನ್ನಡಕ ತೆಗೆದು ಒರೆಸಿದ. "ಆಕೆಗೆ ವಯಸ್ಸು ಕೊಡ್ತಾ ಬಂದಿದ್ದಾನೆ, ನಮ್ಮ ಮಣ್ಣಪ್ಪ. ಒಂದೊಂದೇ ದಿನ."

ಇಷ್ಟು ವರ್ಷ ಬಾಗಿಲ ಈಚೆ ನಿಂತು ತಾನು ಹೆದರಿದ್ದು ಸತ್ತವಳಿಗೆ. ಬಾಗಿಲ ಆಚೆ ಅವನು ಆಕೆಯನ್ನು ಬದುಕಿಸುತ್ತ ಕೂತಿದ್ದ. ಇನ್ನೊಮ್ಮೆ ನೋಡಿದಳು. ತನ್ನ ವಾರಿಗೆಯವಳೇ. ಬೀದಿಯಲ್ಲಿ ಸಿಕ್ಕಿದ್ದರೆ ನಿಂತು ಮಾತಾಡಿಸಬಹುದಾಗಿತ್ತು.

"ಇದನ್ನ ಕೊಡಿ," ಎಂದಳು ಡಾಕ್ಟರಮ್ಮ, ಮೂಗೊರೆಸಿಕೊಳ್ಳುತ್ತ. "ಒಳಗೆ ಪೊಳ್ಳು ಮಾಡಿ, ಒಣಗಿಸಿ ಗೂಡಿನಲ್ಲಿ ಸುಡಿಸ್ತೀನಿ. ನೂರು ವರ್ಷ ಇರುತ್ತೆ. ನಮ್ಮ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ."

"ಬೇಡ," ಎಂದಳು ನಾದಿನಿ. "ಅಣ್ಣನ ಜೊತೆಗೇ ಇಡೋಣ. ಅವನದ್ದು ಅವನ ಜೊತೆ ಹೋಗ್ಲಿ."

"ಆಕೆಯನ್ನ ಇನ್ನೊಂದ್ಸಲ ಮಣ್ಣು ಮಾಡ್ಬೇಕಾ?" ಎಂದು ಅವಳು ಕೇಳಿದಾಗ ನಾದಿನಿ ತುಟಿ ಕಚ್ಚಿಕೊಂಡಳು. "ಹೋಗಿ ಬಂದ ಮೇಲೆ ನೋಡೋಣ," ಎಂದು ಅವಳು ಬಟ್ಟೆಯನ್ನು ಮತ್ತೆ ಅದ್ದಿ ಹೊದಿಸಿದಳು.

*

ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಡಿಪೋದವರು ಹೆಂಟೆಗಳನ್ನು ಎತ್ತಿ ಹಾಗೇ ಹಾಕಿದರು. ಮಂಗಳವಾರದವರು ಹಾಗೆ ಮಾಡಲಿಲ್ಲ. ಯಾರೂ ಹೇಳಿಕೊಡದೆಯೇ ಪ್ರತಿಯೊಬ್ಬರೂ ಹೆಂಟೆಯನ್ನು ಬೆರಳಲ್ಲಿ ಒಡೆದು, ಕಲ್ಲು ಆರಿಸಿ ಬದಿಗೆ ಬಿಸುಟು, ನಯವಾದ ಪುಡಿಯನ್ನಷ್ಟೇ ಉದುರಿಸಿದರು. ದರ್ಜಿಗೆ ಬಹಳ ಹೊತ್ತು ಹಿಡಿಯಿತು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯ ಎರಡೇ ಬೆರಳಲ್ಲಿ ಒಡೆಯುತ್ತಿದ್ದ. ಗುದ್ದಲಿ ಹಿಡಿದವರು ಕಾದರು.

ಮನೆಗೆ ಮರಳಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಅವಳು ಕೈಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಬೋಗುಣಿಗೆ ನೀರು ತುಂಬಿಕೊಂಡು ಹಿಂದಿನ ಕೋಣೆಗೆ ಹೋದಳು. ನಾದಿನಿ ಓಡಿಬಂದಳು.

"ಅಯ್ಯೋ, ಅತ್ತಿಗೆ! ಅಣ್ಣನ ಕೈಯಿಂದು ಅಂತ ಇರೋದು ಇದೊಂದೇ. ನೂರು ವರ್ಷ ಇರುತ್ತೆ ಅಂದ್ರಲ್ಲ!"

"ಇರುತ್ತೆ ಕಣಮ್ಮ. ಇದೇ ವಯಸ್ಸಿನಲ್ಲಿ ನಿಂತುಬಿಡುತ್ತೆ."

ಅವಳು ಮಣೆಯ ಮೇಲೆ ಕೂತಳು. ಮುಖವನ್ನು ಕಣ್ತುಂಬ ನೋಡಿದಳು. ನೀರಿನಲ್ಲಿ ಕೈ ಅದ್ದಿ ಮೊದಲು ಹಣೆ ಸವರಿದಳು, ಜ್ವರ ಬಂದವರ ಹಣೆ ಸವರುವಂತೆ. ಗೆರೆಗಳು ಮಾಸಿದವು, ಮೂಗಿನ ಗುಳಿಗಳು ತುಂಬಿಕೊಂಡವು. ತಡೆದಿದ್ದ ನಗು ಎಲ್ಲಕ್ಕಿಂತ ಕೊನೆಗೆ ಹೋಯಿತು. ಮಣ್ಣು ಮುದ್ದೆಯಾಯಿತು. ಬಾಗಿಲಲ್ಲಿ ನಾದಿನಿ ಬಿಕ್ಕುತ್ತಿದ್ದಳು. ಅವಳ ಹಿಂದೆ ಡಾಕ್ಟರಮ್ಮ, ದರ್ಜಿ, ಕಂಡಕ್ಟರ್.

ಎದ್ದುಬರುತ್ತಾಳೆ ಎಂದು ಅವರೆಲ್ಲ ಕಾದರು. ಅವಳು ಏಳಲಿಲ್ಲ. ಮುದ್ದೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಎಲ್ಲಿ ಕೈ ಹಾಕಬೇಕೋ ತೋಚಲಿಲ್ಲ.

"ಕಿವಿಯಿಂದ ಶುರು ಮಾಡಿ ಅಮ್ಮಾ," ಎಂದ ದರ್ಜಿ ಬಾಗಿಲಿನಿಂದಲೇ. "ನಮಗೆ ಹಾಗೇ ಹೇಳಿಕೊಟ್ಟಿದ್ದು. 'ಮೊದಲು ಅವರು ನಾವು ಹೇಳೋದನ್ನ ಕೇಳಿಸ್ಕೊಳ್ಳಲಿ. ನಮ್ಮನ್ನ ನೋಡೋದು ಆಮೇಲೆ' ಅಂತಿದ್ರು."

ಅವಳು ಹೆಬ್ಬೆರಳು ಒತ್ತಿದಳು. ಮಣ್ಣು ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಅಂಚು ಎಳೆದಳು, ಮಡಚಿದಳು, ನಡುವೆ ಕಿರುಬೆರಳಿನಿಂದ ಕುಳಿ ಮಾಡಿದಳು. ಸೊಟ್ಟಗಿತ್ತು, ಒಂದಿಷ್ಟು ದೊಡ್ಡದೂ ಆಗಿತ್ತು, ಆದರೆ ಕಿವಿಯೇ. ಮುಖವಿಲ್ಲದ ಆ ಮುದ್ದೆ ಒಂದೇ ಕಿವಿ ತೆರೆದುಕೊಂಡು ಅವಳ ಕಡೆ ತಿರುಗಿತ್ತು. ಅವಳು ಅದರ ಹತ್ತಿರಕ್ಕೆ ಬಾಗಿದಳು.