ಪ್ರತಿಭಾಳ ಬಿ.ಎ.

ಜುಲೈನಲ್ಲಿ ಒಂದು ದಿನ, ಪಿಜ್ಜಾ ಕೂಪನ್ನುಗಳ ಜೊತೆ ಕಮ್ಯುನಿಟಿ ಕಾಲೇಜಿನ ಪುಸ್ತಿಕೆಯೂ ಟಪಾಲಿನಲ್ಲಿ ಬಂತು. ಯಾರ ಹೆಸರಿಗೂ ಬಂದದ್ದಲ್ಲ. ನಾರ್ತ್ ಕ್ರೀಕ್ ಬಡಾವಣೆಯ ಮನೆಮನೆಗೂ ಹಂಚಿದ್ದು. ಪ್ರತಿಭಾಳ ಗಂಡ ರಾಕೇಶ್ ಕೂಪನ್ನು ಇಟ್ಟುಕೊಂಡು ಪುಸ್ತಿಕೆಯನ್ನು ರದ್ದಿಗೆ ಹಾಕಿದ. ಅವನು ಆಫೀಸಿಗೆ ಹೋದ ಮೇಲೆ ಪ್ರತಿಭಾ ಅದನ್ನು ಎತ್ತಿಕೊಂಡು, ಮೂಲೆ ಒರೆಸಿ, ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಕುಕ್ಕರು ಕೂಗುವಷ್ಟು ಹೊತ್ತಿನಲ್ಲಿ ದಿನಕ್ಕೊಂದು ಪುಟ ಓದುವಳು. ಗೊತ್ತಿಲ್ಲದ ಪದಕ್ಕೆ ಫೋನಿನಲ್ಲಿ ಅರ್ಥ ನೋಡುವಳು. ವೆಲ್ಡಿಂಗ್, ನರ್ಸಿಂಗ್, ಅಕೌಂಟ್ಸ್ ದಾಟಿದ ಮೇಲೆ ಸಮಾಜ ವಿಜ್ಞಾನದ ಪುಟಗಳಿದ್ದವು, ಅವುಗಳಾಚೆ ಇತಿಹಾಸ, ತತ್ವಶಾಸ್ತ್ರ. ಒಂದೊಂದು ವಿಷಯದ ಕೆಳಗೂ ನಾಲ್ಕೈದು ಸಾಲು. ಮಾನವಶಾಸ್ತ್ರದ ಕೆಳಗಿದ್ದ ಸಾಲುಗಳನ್ನು ಓದಿ ಅವಳು ಅಲ್ಲೇ ನಿಂತುಬಿಟ್ಟಳು. ಜನ ಹೇಗೆ ಮದುವೆಯಾಗುತ್ತಾರೆ, ಯಾರು ಯಾರಿಗೆ ಏನು ಉಡುಗೊರೆ ಕೊಡುತ್ತಾರೆ, ಊಟಕ್ಕೆ ಕೂತಾಗ ಯಾರ ಪಕ್ಕ ಯಾರು ಕೂರುತ್ತಾರೆ, ಇದನ್ನೆಲ್ಲ ಹತ್ತಿರ ಕೂತು ನೋಡುವುದನ್ನು ಕಲಿಸುತ್ತೇವೆ ಎಂದಿತ್ತು.

ಅವಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೇ ಅದು. ಈ ಪರದೇಶದ ಕನ್ನಡದವರ ಮನೆಗಳಲ್ಲೂ ಮೂಲೆ ಹಿಡಿದು ಕೂತು ನೋಡುತ್ತಿದ್ದಳು. ಗಂಡ ಮೇಲಿನ ಹುದ್ದೆಯಲ್ಲಿದ್ದರೆ ಹೆಂಡತಿ ಸೋಫಾದ ಮೇಲೆ. ಹೊಸಬರ ಹೆಂಡತಿಯಾದರೆ, ಯಾರೂ ಹೇಳದಿದ್ದರೂ ಪಾತ್ರೆ ತೊಳೆಯುವ ಸಿಂಕಿನ ಹತ್ತಿರ. ಊರಿನಲ್ಲಿ ಅಮ್ಮ ಇದನ್ನು ಕಣ್ಣು ಬಿಟ್ಕೊಂಡು ಕೂರೋ ಚಾಳಿ ಎಂದು ಬೈಯುತ್ತಿದ್ದಳು. ಇಲ್ಲಿ ಅದಕ್ಕೊಬ್ಬ ಮೇಷ್ಟರು, ಒಂದು ತರಗತಿ.

ಮಳವಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಒಂದು ವರ್ಷ ನಿಲ್ಲು ಎಂದರು, ನಿಂತಳು. ಅಜ್ಜಿ ಹೋಗುವ ಹೊತ್ತಿಗೆ ಅವಳ ಜೊತೆಯವರು ಕಾಲೇಜು ಮುಗಿಸಿದ್ದರು. ಇದೆಲ್ಲ ತಿಳಿದೇ ರಾಕೇಶ್ ಮದುವೆಗೆ ಒಪ್ಪಿದ್ದ.

ಕಾಲೇಜಿನ ಆಸೆಯನ್ನು ಹೇಳಿದಾಗಲೂ ಅವನು ಬೇಡ ಎನ್ನಲಿಲ್ಲ. ಹದಿನೆಂಟು ದಾಟಿದವರಿಗೆ ಹಳೆಯ ಸರ್ಟಿಫಿಕೇಟು ಏನೂ ಬೇಡ, ಇಂಗ್ಲಿಷ್ ಪರೀಕ್ಷೆಯೊಂದನ್ನು ಬರೆದರೆ ಸಾಕು ಎಂದು ಗೊತ್ತಾದಾಗ ತಾನೇ ಕಾರಿನಲ್ಲಿ ಕರೆದೊಯ್ದ. ಪಾಸಾದಳು. ಆದರೆ ಹೊರಗೆ ಬರುವಾಗ ಪಡಸಾಲೆಯಲ್ಲಿ ವಿಜಯಶ್ರೀ ಸಿಕ್ಕರು. ರಾಕೇಶನ ಮೇಲಧಿಕಾರಿ ಅಶ್ವತ್ಥ ಅವರ ಹೆಂಡತಿ. ಅಲ್ಲೇ ಅಕೌಂಟ್ಸ್ ಓದುತ್ತಿದ್ದರು.

"ಅಯ್ಯೋ, ಬಿ.ಎ. ಮಾಡಿರೋಳು ಮತ್ತೆ ಒಂದನೇ ಕ್ಲಾಸಲ್ಲಿ ಯಾಕೆ ಕೂರ್ತೀಯ?" ಎಂದರು. "ಮಾರ್ಕ್ಸ್ ಕಾರ್ಡ್ ತರಿಸ್ಕೊ. ನಾನು ಜೊತೇಲಿ ಬಂದು ಇಲ್ಲಿನ ಯೂನಿವರ್ಸಿಟೀಲಿ ಮಾತಾಡ್ತೀನಿ. ಸೀದಾ ಎಂ.ಎ.ಗೇ ಸೇರ್ಕೊಬಹುದು."

ರಾಕೇಶನ ಮುಖ ಇಳಿಯಿತು. ಆ ಬಿ.ಎ. ಅವನದೇ ಕೊಡುಗೆ. ಅವರು ಹೊಸದಾಗಿ ಬಂದಾಗ ಅಶ್ವತ್ಥ ಅವರ ಮನೆಯ ಊಟದಲ್ಲಿ ಹೆಂಗಸರ ಓದಿನ ಮಾತು ಬಂದಿತ್ತು. ಒಬ್ಬರು ಬಿ.ಇ., ಒಬ್ಬರು ಎಂ.ಟೆಕ್., ಒಬ್ಬರು ಹಲ್ಲಿನ ಡಾಕ್ಟರು. ಪ್ರತಿಭಾಳ ಸರದಿಗೆ ಅವಳು ಬಾಯಿ ತೆರೆಯುವ ಮೊದಲೇ ರಾಕೇಶ್, "ಬಿ.ಎ., ಸೋಷಿಯಾಲಜಿ" ಎಂದುಬಿಟ್ಟ. ಬಾಯಿಗೆ ಬಂತು, ಯಾರು ಕೇಳ್ತಾರೆ ಬಿಡು ಎಂದು ಆಮೇಲೆ ಸಮಾಧಾನ ಹೇಳಿದ. ಅವಳಿಗೂ ಆ ದಿನ ಒಳಗೊಳಗೇ ಹಾಯೆನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ.

ವಿಜಯಶ್ರೀ ಬಿಡುವವರಲ್ಲ. ಮಾರ್ಕ್ಸ್ ಕಾರ್ಡ್ ಬಂತಾ ಎಂದು ಮೆಸೇಜು, ಯೂನಿವರ್ಸಿಟಿ ಯಾವುದು ಎಂದು ಮೆಸೇಜು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು, ಆದ್ದರಿಂದ ಸಿಟ್ಟೂ ಬರುವಂತಿರಲಿಲ್ಲ.

"ಓದಲ್ಲಿ ಇಂಟರೆಸ್ಟ್ ಇಲ್ಲ ಅಂದ್ಬಿಡು," ಎಂದ ರಾಕೇಶ್.

"ಇದೆಯಲ್ರೀ."

"ಇದೆ ಕಣೆ, ನಂಗೊತ್ತು. ಸುಮ್ನೆ ಅನ್ನು. ಬೇಕಾದ್ರೆ ಕೇಕ್ ಡೆಕೊರೇಶನ್ ಸೇರ್ಕೊ, ಅದಕ್ಕೆ ಯಾರೂ ಏನೂ ಕೇಳಲ್ಲ."

ಅಶ್ವತ್ಥ ಅವರೆದುರು ಸುಳ್ಳುಗಾರನಾಗುವುದು ಅವನಿಂದಾಗದು. ಅವನ ಕೆಲಸದ ಮೇಲೆ ಅವನ ವೀಸಾ, ಅದರ ಮೇಲೆ ಅವಳದ್ದು. ಅವಳಿಗೆ ಕಾರು ಓಡಿಸಲು ಬಾರದು, ಇಲ್ಲಿ ದುಡಿಯಲು ಅನುಮತಿಯಿಲ್ಲ. ಅವನ ಖಾತೆಯ ಕಾರ್ಡೊಂದು ಅವಳ ಚೀಲದಲ್ಲಿತ್ತು. ಅದನ್ನು ಎಲ್ಲಿ ಉಜ್ಜಿದರೂ ಡೆನ್ನಿ ಟ್ರಯಾಂಗಲ್ಲಿನ ಅವನ ಆಫೀಸಿನ ಗಾಜಿನ ಕಟ್ಟಡದಲ್ಲಿ ಅವನ ಫೋನು ಸದ್ದು ಮಾಡುತ್ತಿತ್ತು. ಕೊತ್ತಂಬರಿ ಕೊಂಡರೂ, ಇವತ್ತೇನು ಚಟ್ನಿನಾ ಎಂದು ನಗುತ್ತ ಕಾಲ್ ಮಾಡುವನು. ನಗುವಂಥದ್ದೇ. ಆದರೂ ಅವಳು ಅಂಗಡಿಗೆ ಹೋಗುವುದು ಕಡಿಮೆಯಾಗಿತ್ತು.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ ಬಂತು. ವಿಜಯಶ್ರೀ ಅವರ ಮನೆಯಲ್ಲಿ ಅರಿಶಿನ ಕುಂಕುಮ. ಇನ್ನೆರಡು ದಿನದಲ್ಲಿ ಕಾಲೇಜಿನ ನೋಂದಣಿ ಮುಗಿಯುವುದಿತ್ತು. ದಾರಿಯುದ್ದಕ್ಕೂ ಪ್ರತಿಭಾ ಗಂಡ ಹೇಳಿಕೊಟ್ಟ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ವಿಜಯಶ್ರೀ ಅವಳ ಕೆನ್ನೆಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ರವಿಕೆ ಕಣದ ಜೊತೆ ಬಾಗಿನ ಕೊಟ್ಟು, ಎಲ್ಲರೆದುರಿಗೇ ಕೇಳಿದರು:

"ಏನಾಯ್ತೇ ನಿನ್ನ ಮಾರ್ಕ್ಸ್ ಕಾರ್ಡು?"

ಬಾಗಿನ ಹಿಡಿದ ಕೈ. ಹಣೆಯಲ್ಲಿ ಹಸಿ ಕುಂಕುಮ. ಎದುರಿಗೆ ಗೌರಿ. ಹೇಳಿಕೊಟ್ಟ ಮಾತು ಬಾಯಿಗೆ ಬರಲಿಲ್ಲ.

"ನಾನು ಬಿ.ಎ. ಮಾಡಿಲ್ಲ ವಿಜಯಕ್ಕ. ಎಸ್ಸೆಸ್ಸೆಲ್ಸಿಗೇ ಬಿಟ್ಟಿದ್ದು."

ಎಲ್ಲರೂ ನಕ್ಕರು. "ಓದೋಕೆ ಸೋಮಾರಿತನ ಅಂತ ಒಪ್ಕೊಳೋದು ಬಿಟ್ಟು ಏನೇನ್ ಹೇಳ್ತಾಳೆ ನೋಡಿ," ಎಂದರು ಪಕ್ಕದ ಶ್ರೀವಿದ್ಯಾ. ವಿಜಯಶ್ರೀ ನಗುತ್ತಲೇ ಹಜಾರದ ಕಡೆ ಕತ್ತು ಚಾಚಿದರು. "ರಾಕೇಶ್, ನಿಮ್ಮ ಹೆಂಡ್ತಿ ಎಸ್ಸೆಸ್ಸೆಲ್ಸಿ ಅಂತೆ. ಹೌದೇನ್ರಿ?"

ಅಲ್ಲಿ ಗಂಡಸರು ತಟ್ಟೆ ಹಿಡಿದು ನಿಂತಿದ್ದರು. ರಾಕೇಶ್ ಅಶ್ವತ್ಥ ಅವರ ಮುಖ ನೋಡಿದ, ಪ್ರತಿಭಾಳ ಮುಖ ನೋಡಲಿಲ್ಲ.

"ಅವಳದು ಯಾವಾಗ್ಲೂ ತಮಾಷೆ," ಎಂದ.

ಇದುವರೆಗೆ ಅವಳು ಬಾಯಿ ಮುಚ್ಚಿಕೊಂಡು ಆ ಸುಳ್ಳಿನ ಒಳಗಿದ್ದಳು. ಈಗ ಬಾಯಿ ಬಿಟ್ಟರೂ ಒಳಗೇ. ಒಬ್ಬಟ್ಟು ಬಡಿಸಿದರು, ತಿಂದಳು. ಸೋಫಾದ ಮೇಲೆ ಯಾರಿದ್ದಾರೆ, ಸಿಂಕಿನ ಹತ್ತಿರ ಯಾರಿದ್ದಾರೆ ಎಂದು ಎಂದಿನಂತೆ ನೋಡಿದಳು. ಸಿಂಕಿನ ಹತ್ತಿರ ಯಾರೂ ಇರಲಿಲ್ಲ. ಎದ್ದು ಹೋಗಿ ತಾನೇ ನಿಂತಳು.

ನೋಂದಣಿಯ ಕಡೆಯ ದಿನ ಅವನು ಆಫೀಸಿಗೆ ಹೋದ ಮೇಲೆ ಅವಳು ಅಕ್ಕಿ ಡಬ್ಬದ ಹಿಂದಿನಿಂದ ಪುಸ್ತಿಕೆ ತೆಗೆದುಕೊಂಡು, ಜೌಗಿನ ಪಕ್ಕದ ದಾರಿ ಹಿಡಿದು ಕಾಲೇಜಿಗೆ ನಡೆದಳು. ಮಾನವಶಾಸ್ತ್ರದಲ್ಲಿ ಇನ್ನೂ ಜಾಗವಿತ್ತು. ಎಲ್ಲಿವರೆಗೆ ಓದಿದ್ದೀರಿ ಎಂದು ಕೌಂಟರಿನ ಹೆಂಗಸು ಕೇಳಿದಳು. ಹತ್ತನೆಯ ತರಗತಿ ಎಂದಳು ಪ್ರತಿಭಾ. ಆ ಹೆಂಗಸು ಟೈಪ್ ಮಾಡಿಕೊಂಡಳು. ನಗಲೂ ಇಲ್ಲ, ತಲೆ ಎತ್ತಲೂ ಇಲ್ಲ. ಕಾರ್ಡಿಗಾಗಿ ಕೈ ಚಾಚಿದಳು.

ಪ್ರತಿಭಾ ಕಾರ್ಡನ್ನು ತುಸು ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ಕೊಟ್ಟಳು.

ರಸೀದಿ ಹೊರಬರುವ ಮೊದಲೇ ಚೀಲದಲ್ಲಿ ಫೋನು ಅದುರಿತು.

"ಕಾರ್ಡ್ ಎಲ್ಲಾದ್ರೂ ಕಳ್ಕೊಂಡ್ಯಾ?" ರಾಕೇಶನ ದನಿ ಗಾಬರಿಯಲ್ಲಿತ್ತು. "ಕಾಲೇಜು ಅಂತ ತೋರಿಸ್ತಿದೆ. ಇರು, ನಾನು ಬ್ಯಾಂಕಿಗೆ ಹೇಳಿ ಕ್ಯಾನ್ಸಲ್ ಮಾಡಿಸ್ತೀನಿ."

ಅವನು ಬಾಗಿಲು ತೆರೆದಿಟ್ಟಿದ್ದ. ಹೂಂ ಎಂದರೆ ಸಾಕು, ಮತ್ತೆ ಒಳಗೆ ಹೋಗಬಹುದಿತ್ತು.

"ಕಳ್ದಿಲ್ಲ ರೀ. ನಾನೇ ಕೊಟ್ಟಿದ್ದು."

ಅವನ ಹಿಂದೆ ಯಾರೋ ಊಟಕ್ಕೆ ಕರೆಯುವುದು ಕೇಳಿಸಿತು. ಅಶ್ವತ್ಥ ಅವರೇ ಇರಬೇಕು. ರಾಕೇಶ್ ದನಿ ತಗ್ಗಿಸಿದ.

"ಅವರಿಗೆ ಏನಂತ ಹೇಳ್ಲಿ ಈಗ?"

"ನಾನು ಆಗ್ಲೇ ಹೇಳಿದೀನಲ್ಲ," ಎಂದಳು ಪ್ರತಿಭಾ.

ಅವನು ಫೋನ್ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಕೌಂಟರಿನ ಹೆಂಗಸು ರಸೀದಿಯನ್ನು ಅವಳ ಕಡೆ ಸರಿಸಿ ಮುಂದಿನವರನ್ನು ಕರೆದಳು. ಪ್ರತಿಭಾ ಫೋನನ್ನು ಕಿವಿಗೆ ಒತ್ತಿಕೊಂಡೇ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತಳು.