ದವಡೆಗೆ ಒತ್ತಿದ ಕಥೆ

ಟೋಪಿಯ ತುಂಬ ಕೆಂಪು ದೀಪದ ಚುಕ್ಕಿಗಳು. ನನ್ನ ಅಜ್ಜಿಯ ಕಥೆಗಳಲ್ಲಾದರೆ ನೀರಿನಡಿಯ ರಾಣಿ ಇಂಥದ್ದನ್ನು ತೊಟ್ಟೇ ಮೇಲೇಳುತ್ತಿದ್ದಳು. ಆದರೆ ಇದು ಕಿವಿ ಪರೀಕ್ಷೆಯ ಕೋಣೆ. ಗೋಡೆಗಳಿಗೆಲ್ಲ ಸದ್ದು ನುಂಗುವ ಬೂದು ಸ್ಪಂಜು. ಟೋಪಿ ತೊಟ್ಟು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದವಳು ನನ್ನ ಐದು ತಿಂಗಳ ಮಗಳು.

ವಾರದ ಹಿಂದೆ ಅವಳ ಪಕ್ಕದಲ್ಲೇ ಸ್ಟೀಲಿನ ಮುಚ್ಚಳ ಬಿದ್ದು ಮನೆಯೆಲ್ಲ ಝಣಗುಟ್ಟಿತ್ತು. ಅವಳು ರೆಪ್ಪೆ ಕೂಡ ಬಡಿದಿರಲಿಲ್ಲ. ಅಂದಿನಿಂದ ನನ್ನ ಗಂಡ ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ಆಮೇಲೆ ಬಾಗಿಲ ಮರೆಗೆ ಹೋಗಿ ಮುಖ ಒರೆಸಿಕೊಳ್ಳುವುದು. ಈಗಲೂ ಒಳಗೆ ಬರಲು ಧೈರ್ಯ ಸಾಲದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಜ್ಜಿ ಮಾತ್ರ ಒಪ್ಪಿರಲಿಲ್ಲ. "ನನ್ನ ಕಥೆ ಕೇಳ್ತಾ ಕೇಳ್ತಾನೇ ನಿದ್ದೆ ಹೋಗ್ತಾಳೆ. ಕಿವುಡಿಯಂತೆ ಕಿವುಡಿ." ಆ ಒಂದು ಮಾತಿಗೆ ಜೋತುಬಿದ್ದು ನಾನು ಇಲ್ಲಿಯವರೆಗೆ ಬಂದಿದ್ದೆ.

"ಮಿದುಳಲ್ಲಿ ಯಾವ ಜಾಗಕ್ಕೆ ಕೆಲಸ ಬೀಳುತ್ತೋ ಅಲ್ಲಿಗೆ ರಕ್ತ ಜಾಸ್ತಿ ಓಡುತ್ತೆ," ಎಂದು ಪರೀಕ್ಷೆ ಮಾಡುವಾಕೆ ಹೇಳಿದ್ದರು. "ಈ ದೀಪಗಳು ಅದನ್ನ ಪತ್ತೆ ಹಚ್ಚುತ್ವೆ. ಸದ್ದು ಕೇಳಿಸಿದ್ರೆ ಪರದೆ ಮೇಲೆ ಈ ಗೆರೆ ಏಳ್ಬೇಕು. ಬೆರಳಿನ ಕ್ಲಿಪ್ಪು ನಾಡಿ ತೋರ್ಸುತ್ತೆ. ಯಾರೂ ಮಾತಾಡ್ಬಾರ್ದು. ಅಜ್ಜೀ, ನಿಮಗೇ ಹೇಳ್ತಿರೋದು."

"ನಾನೇನು ಮಾತಾಡ್ದೆ?" ಎಂದಳು ಅಜ್ಜಿ.

ಮೊದಲು ಗಂಟೆಯ ಸದ್ದು. ಆಮೇಲೆ ಹೆಂಗಸೊಬ್ಬಳ ದನಿ. ಆಮೇಲೆ ಡೋಲು, ನನ್ನ ಎದೆ ಧಸಕ್ಕೆನ್ನುವಷ್ಟು ಜೋರಾಗಿ. ಮಗಳ ಗೆರೆ ಬತ್ತಿದ ಹೊಳೆಯ ಹಾಗೆ ಮಲಗಿಯೇ ಇತ್ತು. ನಾಡಿಯ ವೇಗವೂ ಬದಲಾಗಲಿಲ್ಲ.

"ಇನ್ನೊಂದ್ಸಲ ನೋಡೋಣಮ್ಮ," ಎಂದರು ಆಕೆ. ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. ಡೋಲಿಗಿಂತ ಆ ಮೆತ್ತನೆಯ ದನಿಗೇ ನಾನು ಹೆಚ್ಚು ಹೆದರಿದೆ.

ಅಷ್ಟರಲ್ಲಿ ಮಗು ಮುಲುಗಿತು. ನಾನು ತಟ್ಟುವ ಮೊದಲೇ ಅಜ್ಜಿ ಅಭ್ಯಾಸಬಲದಿಂದ ತಂತಿಗಳ ಸಮೇತ ಅವಳನ್ನು ಬಾಚಿಕೊಂಡು, ಪುಟ್ಟ ತಲೆಯನ್ನು ತನ್ನ ದವಡೆಗೆ ಒತ್ತಿಕೊಂಡು ಶುರುಮಾಡಿಯೇ ಬಿಟ್ಟಳು. "ಹುಲಿರಾಯನ ಮೀಸೇಲಿ ಒಂದು ಇಲಿ ಸಂಸಾರ ಹೂಡಿತ್ತಂತೆ..."

"ಅಜ್ಜೀ, ಮುಟ್ಬೇಡಿ," ಎನ್ನುತ್ತ ಏಳಹೊರಟ ಆಕೆ ಅರ್ಧ ಎದ್ದು ಹಾಗೇ ನಿಂತರು. ಗೆರೆ ಏಳುತ್ತಿತ್ತು.

"ಕೇಳಿಸ್ತಿದೆ ಅವಳಿಗೆ," ಎಂದೆ.

"ತಡೀರಿ. ಮುಟ್ಟಿದ್ದಕ್ಕೂ ಇರ್ಬಹುದು. ದವಡೆ ಅಲುಗಿದ್ದಕ್ಕೂ ಇರ್ಬಹುದು. ಅಜ್ಜೀ, ಬಾಯಿ ಮಾತ್ರ ಆಡ್ಸಿ. ಸದ್ದು ಬೇಡ."

ಅಜ್ಜಿ ನನ್ನ ಕಡೆ ತಿರುಗಿದಳು. "ನಿನ್ನ ತಾತ ಜೀವಮಾನವೆಲ್ಲ ಬೇಡ್ಕೊಂಡಿದ್ದೂ ಇದನ್ನೇ."

ಯಾರೂ ನಗಲಿಲ್ಲ. ಅಜ್ಜಿಯ ತುಟಿ ಆಡಿತು, ದವಡೆ ಆಡಿತು. ಗೆರೆ ಮೆಲ್ಲಗೆ ಇಳಿದು ನೆಲ ಕಚ್ಚಿತು.

"ಈಗ ದನಿ ಕೊಡಿ. ಮಿದುಳಿಗೆ ರಕ್ತ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಕಾಯ್ಬೇಕು."

ಹುಲಿ ಆಕಳಿಸಿತು. ಇಲಿಗಳು ಮೀಸೆಗೆ ಜೋತುಬಿದ್ದವು. ಗೆರೆ ಕದಲಿತು, ತಲೆ ಎತ್ತಿತು, ಏರಿತು. ಆಕೆ ಮತ್ತೆ ಮತ್ತೆ ಮಾಡಿಸಿದರು. ದನಿ ಇದ್ದಾಗ ಏರುತ್ತಿತ್ತು, ಇಲ್ಲದಾಗ ಇಳಿಯುತ್ತಿತ್ತು.

"ಗಾಳೀಲಿ ಬಂದ ಸದ್ದು ಒಳಗೆ ಮುಟ್ತಿಲ್ಲ. ಮೂಳೆ ಮೂಲಕ ಹೋಗಿದ್ದು ಮುಟ್ತಿರೋ ಹಾಗಿದೆ," ಎಂದರು ಆಕೆ, ಒಂದೊಂದೇ ಮಾತನ್ನು ತೂಗಿ. "ಹಾಗಿದ್ರೆ ಕೆಟ್ಟಿರೋದು ಸದ್ದು ಒಳಗೆ ಹೋಗೋ ದಾರಿ. ಒಳಗಿನ ನರ ಅಲ್ಲ. ದಾರಿಗೆ ಏನಾದ್ರೂ ಮಾಡ್ಬಹುದು. ಡಾಕ್ಟರು ಇನ್ನೂ ನೋಡ್ಬೇಕು. ಅದಕ್ಕೆ ಮುಂಚೆ ಬೇರೆ ದನಿ ಬೇಕು ನನಗೆ. ನೀವು ಹೇಳಿ."

ಮಗಳನ್ನು ಎತ್ತಿಕೊಂಡೆ. ಆಗ ಹೊಳೆಯಿತು. ಅಜ್ಜಿ ಕಥೆ ಹೇಳಿದ್ದು ಅವಳನ್ನು ದವಡೆಗೆ ಒತ್ತಿಕೊಂಡು. ನಾನು ಜೋಗುಳ ಹಾಡಿದ್ದೆಲ್ಲ ತೊಟ್ಟಿಲ ಪಕ್ಕದಲ್ಲಿ ಕೂತು. ಹುಟ್ಟಿದಾಗಿನಿಂದ ನನ್ನ ಮಗಳು ನನ್ನ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಬಾಯಿ ತೆರೆದೆ. ಕೇಳಿ ಬೆಳೆದ ಕಥೆಗಳೆಲ್ಲ ಒಂದೇ ಏಟಿಗೆ ಮಾಯ. "ಕಂದಾ," ಎಂದೆ. ಗೆರೆ ಏಳಲಿಲ್ಲ. "ಕಂದಾ." ಏಳಲಿಲ್ಲ.

"ಬರೀ ಉಸಿರು ಬರ್ತಿದೆ. ದನಿ ತೆಗೀರಿ," ಎಂದರು ಆಕೆ.

"ಆಮೇಲೆ ಎಷ್ಟು ಬೇಕಾದ್ರೂ ಅತ್ಕೋ," ಎಂದು ಅಜ್ಜಿ ಮೊಣಕೈಯಿಂದ ತಿವಿದಳು. "ಈಗ ಗಂಟಲು ಬಿಡು. ಗಂಡನ ಹತ್ರ ಜಗಳ ಆಡೋವಾಗ ಎಲ್ಲಿಂದ ಬರುತ್ತೆ?"

ಮೂಳೆಗೆ ಮೂಳೆ ತಾಗುವ ಹಾಗೆ ಅವಳ ತಲೆಯನ್ನು ಒತ್ತಿಕೊಂಡು, ಬೀದಿಯ ಆ ತುದಿಗೆ ಮುಟ್ಟುವ ದನಿಯಲ್ಲಿ ಹೇಳಿದೆ, ಹುಲಿರಾಯನಿಗೆ ಸೀನು ಬಂತೆಂದು.

ಮೂವರೂ ಪರದೆ ನೋಡುತ್ತ ನಿಂತೆವು. ಗೆರೆ ಮಲಗಿತ್ತು. ಇನ್ನೂ ಮಲಗಿತ್ತು. ನನ್ನ ಕಥೆ ಅಲ್ಲಿಗೇ ನಿಂತಿತು.

"ನಿಲ್ಲಿಸ್ಬೇಡ್ವೇ," ಎಂದಳು ಅಜ್ಜಿ. "ಇಲಿಗಳು ಎಲ್ಲಿಗೆ ಹಾರಿದ್ವು, ಹೇಳು."

ಹೇಳಿದೆ. ಒಂದು ಮರಕ್ಕೆ, ಒಂದು ಮೋಡಕ್ಕೆ.

"ಬಂತು," ಎಂದರು ಆಕೆ. "ಬರ್ತಾ ಇದೆ."