ಅಗಲಿದವರ ಪುಟದಲ್ಲಿ ಒಂದು ಜಾಗ

ವರ್ಷದಲ್ಲಿ ತೀರಿಕೊಂಡ ಗಣ್ಯರ ಪುಟವನ್ನು ಆ ವಾರಪತ್ರಿಕೆಯವರು ಡಿಸೆಂಬರ್ ಇಪ್ಪತ್ತಕ್ಕೇ ಅಚ್ಚಿಗೆ ಕಳಿಸಿಬಿಡುತ್ತಿದ್ದರು. ನಲವತ್ತು ಹಳ್ಳಿಗಳ ದನಗಳಿಗೆ ಮದ್ದು ಮಾಡಿದ್ದ ಡಾಕ್ಟರು ಕಳೆದ ವರ್ಷ ತೀರಿಕೊಂಡದ್ದು ಇಪ್ಪತ್ತಾರಕ್ಕೆ. "ಮುಂದಿನ ವರ್ಷ ಖಂಡಿತ ಹಾಕ್ತೀನಮ್ಮ," ಎಂದು ಪುಟ ಕಟ್ಟುವವನು ಮಾತು ಕೊಟ್ಟಿದ್ದ. ಡಾಕ್ಟರ ಹೆಂಡತಿ ವರ್ಷವಿಡೀ ಕಾದು, ಈಗ ಫೋಟೋ ಹಿಡಿದು ಬಂದಿದ್ದರು.

ಅವನು ಗಾಯಕಿ, ಕುಸ್ತಿಪಟು, ವಿಜ್ಞಾನಿಯ ಚಿತ್ರಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿದ.

"ಆ ಹಾಡೋ ಅಮ್ಮನ ಪಕ್ಕಾನಾ? ನಮ್ಮನೆಯವರು ಬಾಯಿ ತೆಗೆದ್ರೆ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತಿತ್ತು," ಎಂದು ಆಕೆ ನಕ್ಕರು.

ಹೆಸರಿನ ಕೆಳಗೆ ದಿನಾಂಕ ಹಾಕಹೊರಟವನು ಕೈ ತಡೆದು ನಿಂತ.

"ಅಮ್ಮಾ, ಇದು ಈ ವರ್ಷ ಹೋದವರ ಪುಟ. ಅವತ್ತು ನಾನು ಯೋಚನೆ ಮಾಡ್ದೆ ಹೇಳಿಬಿಟ್ಟೆ. ಇರಲಿ, ಈ ಜನವರಿ ಅಂತ ಹಾಕ್ತೀನಿ. ಯಾರು ನೋಡ್ತಾರೆ?"

ಆಕೆ ಫೋಟೋವನ್ನು ಮೇಜಿನಿಂದ ಎತ್ತಿಕೊಂಡರು.

"ಬೇಡಪ್ಪ. ಇನ್ಶೂರೆನ್ಸ್ ದುಡ್ಡಿಗೆ, ಸತ್ತ ದನದ ಸರ್ಟಿಫಿಕೇಟಲ್ಲಿ ಒಂದು ದಿನ ಹಿಂದೆಮುಂದೆ ಬರ್ಕೊಡಿ ಅಂತ ಜನ ಕಾಲಿಗೆ ಬೀಳೋರು. ಇವರು ಬರೀಲಿಲ್ಲ. ಅದೇ ಸಿಟ್ಟಿಗೆ ಸ್ವಂತ ತಮ್ಮನೇ ಇವರ ಮಣ್ಣಿಗೂ ಬರಲಿಲ್ಲ. ಈಗ ಅವರ ದಿನಾನೇ ನಾನು ತಿದ್ದಿಸಲಾ?"

ಆಕೆ ಫೋಟೋವನ್ನು ಒರೆಸಿ ಕೈಚೀಲದಲ್ಲಿಟ್ಟುಕೊಂಡು, ಗೋಡೆ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದರು. ಹೆಜ್ಜೆಯ ಸದ್ದು ನಿಂತ ಮೇಲೆ ಅವನು ಚಿತ್ರಗಳನ್ನು ಮೊದಲಿದ್ದಲ್ಲಿಗೆ ಸರಿಸಿದ. ಗಾಯಕಿಯ ಪಕ್ಕ ಕುಸ್ತಿಪಟು ಬಂದು ಕೂತ.